ತಾಸಿನ ಲೆಕ್ಕ

ಅಂಗಿ ಗುಂಡಿಗಿಂತ ಸಣ್ಣದು. ಬಲಪಕ್ಕೆ ಒತ್ತುವ ಮೆತ್ತೆಯ ಕೆಳಗೆ
ತಗ್ಗು ತೋಡಿ ನಾನೇ ಕೂಡಿಸುತ್ತೇನೆ.
ಕಾಲು ತಾಸಿಗೊಮ್ಮೆ ಎದ್ದು ಒಂದೇ ಮಾತು ಕೇಳಿಕೊಳ್ಳುತ್ತದೆ:
ಬೆಚ್ಚಗಿದೆಯೋ, ಇಲ್ಲವೋ.
ಬರೆದಿಟ್ಟು ಮತ್ತೆ ಮಲಗುತ್ತದೆ.

ಹುಬ್ಬಳ್ಳಿ ವಿದ್ಯಾನಗರ, ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಕೋಣೆ.
ಗೋಡೆಗುಂಟ ಪ್ಲಾಸ್ಟರಿನ ಮುಂಡಗಳು,
ನೀಲಿ ಪೆನ್ಸಿಲಿನಲ್ಲಿ ಒಂದೊಂದಕ್ಕೂ ಹೆಸರು, ಊರು, ಡಿಗ್ರಿ.
ತನುಜಾ ಬೇವಿನಕಟ್ಟಿ. ಬೆಟಗೇರಿ. ಮೂವತ್ತೊಂದು.
ಎಕ್ಸ್‌ರೇ ಬೆಳಕಿಗೆ ಹಿಡಿದರೆ ಬೆನ್ನು
ಯಾರೋ ಅವಸರದಲ್ಲಿ ಬರೆದ ವಟ್ರಸುಳಿ.

ಎಲ್ಲರೂ ಸುಳ್ಳು ಹೇಳುತ್ತಾರೆ ಅನ್ನಲಾರೆ. ದುಂಡಗೆ ಮಾಡಿ ಹೇಳುತ್ತಾರೆ.
ಡಾಕ್ಟರು ಬರೆದದ್ದು ಹದಿನೆಂಟು ತಾಸು,
ಹುಡುಗರು ಹದಿನಾರು ಅನ್ನುತ್ತಾರೆ, ತಾಯಂದಿರು ಹದಿನೇಳು,
ಗುಂಡಿ ಒಂಬತ್ತು ಅನ್ನುತ್ತದೆ.
ಕುಂದಗೋಳದ ಒಬ್ಬ ನನ್ನ ಮೆಟ್ಟಿಲ ಬುಡದಲ್ಲೇ ಹಾಕಿಕೊಳ್ಳುತ್ತಿದ್ದ,
ವೆಲ್ಕ್ರೋ ಚರ್ರೆನ್ನುವುದು ಮೇಲೆ ಕೇಳುತ್ತಿತ್ತು;
ಗೆರೆ ನೋಡಿದರೆ ತಿಂಗಳಿಡೀ ತಣ್ಣಗೆ ಮಲಗಿದ್ದು
ಶನಿವಾರ ಹತ್ತೂಮುಕ್ಕಾಲಿಗೆ ಧಡಕ್ಕನೆ ಎದ್ದು ನಿಂತಿತ್ತು.
ಗುಂಡಿಯನ್ನೂ ಪೂರಾ ನಂಬಬಾರದು. ಏಪ್ರಿಲ್ ಬಂತೆಂದರೆ
ಗದಗಿನ ತಗಡಿನ ಮನೆಗಳಲ್ಲಿ
ಗೋಡೆಯ ಮೊಳೆಯೂ ದಿನಾ ಆರು ತಾಸು ಬ್ರೇಸು ತೊಟ್ಟಿರುತ್ತದೆ.

ಆದರೆ ಈ ಗೆರೆ ಡಿಸೆಂಬರಿನದು.
ಮೊದಮೊದಲು ನಾಕು ತಾಸು, ಐದು, ಮೂರು,
ಹಲ್ಲು ಬಿದ್ದ ಹಣಿಗೆಯ ಹಾಗೆ.
ಎಂಟನೇ ತಾರೀಖಿನಿಂದ ಒಮ್ಮೆಲೇ ತುಂಬಿಕೊಂಡಿದೆ:
ಹಗಲು, ರಾತ್ರಿ, ಸಾಲಿ ಹೊತ್ತು, ಜಳಕದ ಹೊತ್ತು,
ಹದಿನೇಳು ದಿನ ಒಂದೇ ಸಮ ಬೆಚ್ಚಗೆ,
ಅದೂ ಮನುಷ್ಯರ ಮೈಗಿಂತ ತುಸು ಹೆಚ್ಚೇ.
"ನೋಡ್ರಿ, ನಾ ಹೇಳಿದ್ನಿಲ್ಲ," ಎಂದರು ಅಪ್ಪ, ಕುರ್ಚಿಯ ತುದಿಗೆ ಸರಿದು.
ನೇಕಾರರು; ಒಂದೆಳೆ ಸಡಿಲಾದರೂ ಬೆರಳಿಗೆ ತಿಳಿಯುವವರು.
ಆಧಾರ್ ಝೆರಾಕ್ಸ್ ಬೇಕೆಂದು ಅವರನ್ನು ಕೆಳಗೆ ಕಳಿಸಿದೆ.

"ಜ್ವರ ಬಂದಿತ್ತೇನವಾ, ಹದಿನೇಳು ದಿನ?"
ಹುಡುಗಿ ಗೆರೆ ನೋಡಿದಳು. ನನ್ನನ್ನು ನೋಡಿದಳು.
ಹೊಳ್ಳೆ ಅರಳಿ, ತಡೆಯಲಾರದೆ ಬಂತು ನಗು.
"ಬೆಕ್ಕು ಮರಿ ಹಾಕಿತ್ರಿ ಅದರಾಗ."
ಅಜ್ಜನ ಮಗ್ಗದ ಕುಣಿ, ಈಗ ಯಾರೂ ಇಳಿಯದ್ದು;
ಸಾಲಿಗೆ ಹೋಗುವ ಮುಂಚೆ ಅಲ್ಲಿ ಬಚ್ಚಿಡುತ್ತಿದ್ದಳಂತೆ.
ಅವಳ ಸೊಂಟದ ಅಳತೆಗೆ ನಾನು ಕೊಯ್ದ ಗೂಡಿನಲ್ಲಿ
ಮೂರು ಮರಿ, ಕಣ್ಣು ಬಿಡದವು.
"ಹೆಂಗ ಎಬ್ಬಸ್ಲಿರಿ?"
ಇಪ್ಪತ್ತೈದಕ್ಕೆ ತಾಯಿಯೇ ಕಚ್ಚಿಕೊಂಡು ಅಟ್ಟಕ್ಕೆ ಒಯ್ದಿತಂತೆ.

ಬೈಯಬೇಕಿತ್ತು. ಬೆಳೆಯುವ ಎಲುಬಿಗೆ ಹದಿನೇಳು ದಿನ ಸಣ್ಣದಲ್ಲ,
ಬಲಿತ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ,
ಅದನ್ನೇ ಹೇಳಿದೆ, ಪ್ರತಿಸಲ ಹೇಳುವ ದನಿಯಲ್ಲಿ.
ಪರೀಕ್ಷೆಗೆ ಬಾರದ ಪಾಠದಂತೆ ಕೇಳಿಸಿಕೊಂಡಳು.
ಆಮೇಲೆ ಅಂದಳು:
"ಕುಣಿಯಾಗ ಬಗ್ಗಿ ನೋಡಬೇಕ್ರಿ ಮೇಡಂ, ಮರೀನ.
ಇದನ್ನ ಹಾಕ್ಕೊಂಡ್ರ ಬಗ್ಗಾಕ ಬರೂದಿಲ್ಲ."

ಬ್ರೇಸು ಮಗುಚಿದೆ. ಮೆತ್ತೆಯ ಅಂಚಿಗೆ ಬೂದು ಕೂದಲು,
ಪಟ್ಟಿಯ ಮೇಲೆ ಸಣ್ಣ ಉಗುರಿನ ಗೀರು.
ಸಾಬೂನು ನೀರಲ್ಲಿ ತೊಳೆದೆ. ತೊಡಿಸಲೆಂದು ತೋಳೆತ್ತಿಸಿದಾಗ
ಕಂಕುಳ ಕೆಳಗೆ ಕಂಡಿತು ಗಾಯ, ಒಣಗಿ ಕರ್ರಗಾದದ್ದು.
ಅದನ್ನು ಗೆರೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಅಲ್ಲಿ ಎರಡು ಬೆರಳಷ್ಟು ಅಂಚು ಕಾಸಿ ಹೊರಗೆ ಮಣಿಸಿದೆ.

ಡಾಕ್ಟರಿಗೆ ಹೋಗುವ ಹಾಳೆಯಲ್ಲಿ ಬರೆದೆ:
ಸರಾಸರಿ ನಾಲ್ಕು ತಾಸು.
ಎಂಟರಿಂದ ಇಪ್ಪತ್ನಾಲ್ಕರವರೆಗಿನದು ಹಿಡಿಯಬಾರದು.
ಕಾರಣ ಬರೆಯಲು ಜಾಗವಿತ್ತು.
ಪೆನ್ನು ಹಿಡಿದು ತುಸು ಹೊತ್ತು ಕೂತೆ.

ಅಪ್ಪ ಝೆರಾಕ್ಸ್ ಹಿಡಿದು ಮೇಲೆ ಬಂದರು.
ಅವಳು ಉಸಿರು ಒಳಗೆಳೆದು ಪಟ್ಟಿ ಬಿಗಿದಳು, ಚರ್ರ್, ಚರ್ರ್.
ಬಾಗಿಲಲ್ಲಿ ಇಡೀ ಮೈ ತಿರುಗಿಸಿ ನಿಂತು
"ಒಂದ ಮರಿ ಉಳದೈತ್ರಿ," ಅಂದಳು. "ನಿಮಗ ಬೇಕೇನು?"